ಖಾಲಿ ಸೀಸೆಯ ಪಾಠಶಾಲೆ

ನಮ್ಮ ಸೀಮೆಯ ನಾಲ್ಕು ಊರುಗಳಿಗೆ ಒಂದೊಂದು ಸರಕಿನ ಹೆಸರುಂಟು. ಶಿಡ್ಲಘಟ್ಟವೆಂದರೆ ರೇಷ್ಮೆಗೂಡು, ಚಿಂತಾಮಣಿಯೆಂದರೆ ಟೊಮೆಟೊ ಮತ್ತು ದೊಡ್ಡ ವ್ಯಾಪಾರ, ಚಿಕ್ಕಬಳ್ಳಾಪುರವೆಂದರೆ ಹೂವು, ದ್ರಾಕ್ಷಿ, ಗೌರಿಬಿದನೂರೆಂದರೆ ಮುಸುಕಿನ ಜೋಳ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ಮೇಲೂ ಈ ಹೆಸರುಗಳಿಗೆ ಕುಂದು ಬಂದಿಲ್ಲ. ಆದರೆ ನಾಲ್ಕೂ ಕಡೆ ಒಂದೇ ಸಮನಾಗಿ, ಮಳೆ ಗೊಬ್ಬರಗಳ ಹಂಗಿಲ್ಲದೆ, ವರ್ಷವಿಡೀ ಬೆಳೆಯುವ ಇನ್ನೊಂದು ಫಸಲುಂಟು. ಅದು ಖಾಲಿ ಸೀಸೆ. ಮದುವೆಯ ಛತ್ರದ ಹಿತ್ತಿಲಲ್ಲಿ, ಜಾತ್ರೆ ಮುಗಿದ ಬಯಲಿನಲ್ಲಿ, ನಂದಿಬೆಟ್ಟಕ್ಕೆ ಹೋಗಿಬರುವವರ ದಾರಿಯ ಎರಡು ಬದಿಗಳಲ್ಲಿ ಈ ಫಸಲು ಹುಲುಸಾಗಿ ಬಿದ್ದಿರುತ್ತದೆ. ಬಿತ್ತುವವರು ನಾವೆಲ್ಲರೂ, ಕೊಯ್ಯುವವರು ಮಾತ್ರ ಬೇರೆ. ಆ ಕೊಯ್ಲಿನವರು ತಮ್ಮ ಕಸುಬನ್ನು ಎಲ್ಲಿ ಕಲಿತರು, ಯಾರು ಕಲಿಸಿದರು ಎಂಬ ಪ್ರಶ್ನೆ ಬಹುಕಾಲದಿಂದ ನನ್ನನ್ನು ಕಾಡುತ್ತಿದೆ. ಬದುಕಿನ ಬಹುಭಾಗವನ್ನು ರಸಾಯನಶಾಸ್ತ್ರದ ಪಾಠ ಹೇಳುವುದರಲ್ಲಿ ಕಳೆದವನಿಗೆ ಇಂಥ ಕುತೂಹಲ ಸಹಜವೇ ಇರಬಹುದು.

ಹಿಂದೆ ಸೀಸೆಗೆ ಇಂಥ ಅನಾಥ ಸ್ಥಿತಿ ಇರಲಿಲ್ಲ. ಗೋಲಿ ಸೋಡಾದ ಸೀಸೆಯನ್ನು ನೆನೆಯಿರಿ. 1872ರಲ್ಲಿ ಇಂಗ್ಲೆಂಡಿನ ಹೈರಂ ಕಾಡ್ ಎಂಬಾತ ರೂಪಿಸಿದ ಆ ಸೀಸೆ ನಮ್ಮ ಹಳ್ಳಿಯ ಸಂತೆಗಳವರೆಗೂ ಬಂದಿತು. ಕುಡಿದವನು ಪಾನೀಯಕ್ಕಷ್ಟೇ ಒಡೆಯ, ಸೀಸೆ ಅಂಗಡಿಯವನದು. ಅಂಗಡಿಯ ಮುಂದೆಯೇ ನಿಂತು ಕುಡಿದು, ಸೀಸೆಯನ್ನು ಅಲ್ಲಿಯೇ ಇಟ್ಟು ಬರಬೇಕು. ಇದು ಯಾರೂ ಬರೆದಿಡದ ಶಾಸನ. 1973ರಲ್ಲಿ ಅಮೆರಿಕದ ನಥಾನಿಯಲ್ ವೈತ್ ಪೆಟ್ ಎಂಬ ಪ್ಲಾಸ್ಟಿಕ್ಕಿನ ಸೀಸೆಗೆ ಹಕ್ಕುಪತ್ರ ಪಡೆದನು. ಹಗುರವಾದ, ಬಿದ್ದರೆ ಒಡೆಯದ ಸೀಸೆ ಬಂದಿತು. ಅದರೊಡನೆ ಹಿಂದಿರುಗಿಸುವ ಕರ್ತವ್ಯವೂ ಹಗುರವಾಗಿ ಹಾರಿಹೋಯಿತು. ಆ ಕರ್ತವ್ಯವನ್ನು ನಮ್ಮ ಪರವಾಗಿ ಹೊತ್ತವನು ಗುಜರಿಯವನು.

ಚಿಂತಾಮಣಿಯಲ್ಲಿ ಒಬ್ಬ ಹಿರಿಯ ಗುಜರಿ ವ್ಯಾಪಾರಿಯನ್ನು ಈ ಪ್ರಶ್ನೆಯನ್ನೇ ಕೇಳಿದೆ. ಆತ ನಕ್ಕು ಅಂಗೈ ಚಾಚಿದ. "ನೋಡಿ ಸ್ವಾಮಿ, ಇದು ಗಾಜಿನ ಪಾಠ, ಇದು ತಗಡಿನ ಪಾಠ" ಎಂದು ಒಂದೊಂದು ಗಾಯದ ಗೆರೆಯನ್ನೂ ತೋರಿಸಿದ. ಎಳೆಯ ವಯಸ್ಸಿನಲ್ಲಿ ಗೋಣಿಚೀಲ ಹೊತ್ತು ಬಂದವನು, ಹಿರಿಯನೊಬ್ಬನ ಪಕ್ಕದಲ್ಲಿ ಕುಳಿತು, ಬೈಸಿಕೊಂಡು ಕಲಿತದ್ದೇ ಅವನ ವಿದ್ಯಾಭ್ಯಾಸ. ಆದರೆ ಆ ವಿದ್ಯೆಯನ್ನು ಸಾಮಾನ್ಯವೆನ್ನಲಾಗದು. ಸೀಸೆಯನ್ನು ಒಮ್ಮೆ ಅಮುಕಿ ಸದ್ದು ಕೇಳಿದರೆ ಅದರ ಜಾತಿ ಅವನಿಗೆ ತಿಳಿಯುತ್ತದೆ. ಡಬ್ಬಿಗೆ ಅಯಸ್ಕಾಂತ ಹಿಡಿದು ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಬೇರೆ ಮಾಡುತ್ತಾನೆ. ಬಿಯರಿನ ಕಂದು ಸೀಸೆಯ ಬಾಯಿಯ ಸುತ್ತ ಹೆಬ್ಬೆರಳು ಆಡಿಸುತ್ತಾನೆ. ಬಾಯಿ ನೆಟ್ಟಗಿದ್ದರೆ ಅದು ತೊಳೆಸಿಕೊಂಡು ಮತ್ತೆ ತುಂಬಿಸಿಕೊಳ್ಳುವ ಸೀಸೆ, ಚೂರು ಮುಕ್ಕಾಗಿದ್ದರೆ ಕುಲುಮೆಗೆ ಹೋಗುವ ಗಾಜಿನ ಚೂರು. ಒಂದು ಹೆಬ್ಬೆರಳಿನ ಸ್ಪರ್ಶದಲ್ಲಿ ಎರಡು ಬೆಲೆಗಳ ತೀರ್ಮಾನ!

ಇದು ಹಳೆಯ ಪಾಠಶಾಲೆ. ಈಗ ಹೊಸದೊಂದು ತೆರೆದಿದೆ. ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೆಯ ಹಂತ 2020ರಲ್ಲಿ ಆರಂಭವಾದ ಮೇಲೆ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 'ಸ್ವಚ್ಛ ಸಂಕೀರ್ಣ' ಎಂಬ ಹೆಸರಿನ ಒಣಕಸದ ಘಟಕಗಳು ಎದ್ದವು. ಅವುಗಳ ನಿರ್ವಹಣೆಯನ್ನು ಸ್ವಸಹಾಯ ಸಂಘಗಳ ಸ್ತ್ರೀಯರ ಒಕ್ಕೂಟಗಳಿಗೆ ಒಪ್ಪಿಸುವ ಕ್ರಮ ಬಂದಿತು. ಕಸದ ಗಾಡಿಯನ್ನು ನಡೆಸಲು ಹೆಂಗಸರಿಗೆ ಚಾಲನೆಯ ತರಬೇತಿ, ಘಟಕದಲ್ಲಿ ವಿಂಗಡಣೆ ಮಾಡಲು ಇನ್ನೊಂದು ತರಬೇತಿ. ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಇಂಥ ತರಬೇತಿ ನಡೆದಾಗ, ಪ್ಲಾಸ್ಟಿಕ್ಕಿನ ಗುಣಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನೂ ಕರೆದಿದ್ದರು.

ಮೊದಲ ಪಾಠ ಸಂಶಯದ ಪಾಠ. ಸೀಸೆಯ ಮೇಲೆ ಕಿತ್ತಳೆ ಹಣ್ಣಿನ ಚಿತ್ರವಿದ್ದ ಮಾತ್ರಕ್ಕೆ ಒಳಗೆ ಕಿತ್ತಳೆಯ ಪಾನೀಯವೇ ಇತ್ತೆಂದು ನಂಬಕೂಡದು. ನಮ್ಮದು ದ್ರಾಕ್ಷಿ, ಟೊಮೆಟೊ, ರೇಷ್ಮೆಗಳ ಸೀಮೆ. ಉಳಿದ ಕೀಟನಾಶಕವನ್ನು ಪಾನೀಯದ ಸೀಸೆಯಲ್ಲಿ ತುಂಬಿಡುವವರುಂಟು. ಹುಳುಮನೆಯನ್ನು ಶುದ್ಧಿಮಾಡುವ ಫಾರ್ಮಲಿನ್ನೂ ಒಮ್ಮೊಮ್ಮೆ ಹಾಗೆಯೇ ಕುಳಿತಿರುತ್ತದೆ. ಆದ್ದರಿಂದ ಬಿರಡೆಯನ್ನು ಮುಖದಿಂದ ದೂರ ಹಿಡಿದು ತೆಗೆಯಬೇಕು, ಮೂಸಿ ನೋಡಬಾರದು, ಔಷಧಿಯ ಶಂಕೆ ಬಂದರೆ ಬೇರೆಯೇ ಇಡಬೇಕು. ಕೈಚೀಲವಿಲ್ಲದೆ ರಾಶಿಗೆ ಕೈಹಾಕಬಾರದು. ಗಾಜು ತಗುಲಿದರೆ ಧನುರ್ವಾಯುವಿನ ಚುಚ್ಚುಮದ್ದನ್ನು ನಾಳೆಗೆಂದು ಬಿಡಬಾರದು. ಚಿಂತಾಮಣಿಯ ಹಿರಿಯನಿಗೆ ಈ ಪಾಠವನ್ನು ಯಾರೂ ಹೇಳಿರಲಿಲ್ಲ. ಅವನ ಅಂಗೈಯೇ ಶುಲ್ಕ ತೆತ್ತಿತ್ತು.

ಎರಡನೆಯ ಪಾಠ ವಿಂಗಡಣೆಯದು. ನನ್ನ ಪಾಲಿಗೆ ಬಂದದ್ದು ಇದು. ಸೀಸೆಯ ತಳದ ತ್ರಿಕೋನದಲ್ಲಿ 1 ಎಂಬ ಅಂಕಿಯಿದ್ದರೆ ಪೆಟ್. ಅದರ ಬಿರಡೆ ಬೇರೊಂದು ಜಾತಿಯ ಪ್ಲಾಸ್ಟಿಕ್ಕು. ಎರಡನ್ನೂ ಚೂರು ಮಾಡಿ ನೀರಿಗೆ ಹಾಕಿದರೆ ಪೆಟ್ ಮುಳುಗುತ್ತದೆ, ಬಿರಡೆಯ ಚೂರು ತೇಲುತ್ತದೆ. ಕಾರ್ಖಾನೆಯವರು ಹೀಗೆ ಬೇರ್ಪಡಿಸುತ್ತಾರೆ. ಆದರೆ ಪಿ.ವಿ.ಸಿ. ಎಂಬ ಇನ್ನೊಂದು ಪ್ಲಾಸ್ಟಿಕ್ಕು ಪೆಟ್‌ನಂತೆಯೇ ಮುಳುಗುವುದರಿಂದ ನೀರಿನ ಪರೀಕ್ಷೆಗೆ ಸಿಕ್ಕುವುದಿಲ್ಲ. ಪೆಟ್ ಕರಗುವುದು ಸುಮಾರು 250 ಡಿಗ್ರಿ ಶಾಖದಲ್ಲಿ, ಅಷ್ಟರೊಳಗೆ ಪಿ.ವಿ.ಸಿ. ಒಡೆದು ಆಮ್ಲವನ್ನು ಕಾರಿ, ಒಳ್ಳೆಯ ಸರಕನ್ನೆಲ್ಲ ಹಳದಿಗಟ್ಟಿಸುತ್ತದೆ. ಅದನ್ನು ಮೊದಲೇ ಹಿಡಿಯಬೇಕಾದದ್ದು ಮನುಷ್ಯನ ಕಣ್ಣು. ತಿಳಿ ಬಣ್ಣದ ಸೀಸೆಗೆ ಹೆಚ್ಚು ಬೆಲೆ, ಹಸಿರಿಗೆ ಕಡಿಮೆ, ಎಣ್ಣೆಯ ಸೀಸೆಯನ್ನು ಸೇರಿಸಲೇಬಾರದು. ಅಲ್ಯೂಮಿನಿಯಮ್ ಡಬ್ಬಿಯನ್ನು ಮತ್ತೆ ಕರಗಿಸಲು, ಅದಿರಿನಿಂದ ಹೊಸದನ್ನು ತೆಗೆಯುವುದಕ್ಕೆ ಬೇಕಾದ ಶಕ್ತಿಯ ಇಪ್ಪತ್ತನೆಯ ಒಂದು ಪಾಲು ಸಾಕು. ಅದಕ್ಕೇ ಆ ಪುಟ್ಟ ಡಬ್ಬಿಗೆ ಅಷ್ಟು ಗೌರವ. ಹಣ್ಣಿನ ರಸದ ಕಾಗದದ ಪೊಟ್ಟಣದಲ್ಲಿ ಕಾಗದ, ಪಾಲಿಥೀನು, ಅಲ್ಯೂಮಿನಿಯಮ್ ಪದರಪದರವಾಗಿ ಅಂಟಿಕೊಂಡಿರುವುದರಿಂದ ಅದು ರದ್ದಿಯ ರಾಶಿಗೂ ಸಲ್ಲದು, ಪ್ಲಾಸ್ಟಿಕ್ಕಿನ ರಾಶಿಗೂ ಸಲ್ಲದು.

ಇಷ್ಟನ್ನು ಹೇಳಿ ಮುಗಿಸುವಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ, ನಡುವಯಸ್ಸು ದಾಟಿದ ಒಬ್ಬಾಕೆ ಎದ್ದು ನಿಂತರು. "ಮೇಷ್ಟ್ರೇ, ಒಂದೊಂದರ ಬುಡ ತಿರುಗಿಸಿ ಅಂಕಿ ಓದೋಕೆ ಹೊತ್ತೆಲ್ಲಿದೆ? ಫಿಲೇಚರಿನಲ್ಲಿ ಗೂಡು ಆರಿಸೋವಾಗ ಹಾಗೆ ನೋಡ್ತಿದ್ದೆವಾ? ಕೈಗೇ ತಿಳೀತದೆ" ಎಂದರು. ಆಮೇಲೆ ರಾಶಿಯ ಮುಂದೆ ಕುಳಿತು ಅವರು ಸೀಸೆಗಳನ್ನು ಬೇರ್ಪಡಿಸಿದ ವೇಗವನ್ನು ಕಂಡು, ತರಬೇತಿ ಕೊಡಲು ಬಂದಿದ್ದ ಯುವಕ ತನ್ನ ಚಿತ್ರಪಟವನ್ನು ಸುತ್ತಿಟ್ಟು ಸುಮ್ಮನೆ ನೋಡತೊಡಗಿದ.

ಆ ಮಾತನ್ನು ನಾನು ಬಹಳ ದಿನ ಮೆಲುಕು ಹಾಕಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ದೇಶದ ಬಹುದೊಡ್ಡ ಮಾರುಕಟ್ಟೆಗಳಲ್ಲೊಂದು. ಅಲ್ಲಿಯ ನೂಲುಬಿಚ್ಚುವ ಮನೆಗಳಲ್ಲಿ ಕಲೆಬಿದ್ದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ತೆಳ್ಳನೆಯ ಜಿಲ್ಲಿ ಇವನ್ನೆಲ್ಲ ಆರಿಸಿ ತೆಗೆಯುವ ಕಣ್ಣಿಗೆ ಎಂದಿನಿಂದಲೂ ಮನ್ನಣೆಯಿದೆ. ಅಲ್ಲಿ ವ್ಯರ್ಥವೆಂಬ ಮಾತೇ ಇಲ್ಲ: ನೂಲಿನ ಜುಟ್ಟು ಇನ್ನೊಂದು ಗಿರಣಿಗೆ, ಒಳಗಿನ ಹುಳು ಎಣ್ಣೆಗೆ, ಮೇವಿಗೆ. ಇತ್ತ ನೋಡಿದರೆ ಪೆಟ್ ಎಂಬುದೂ, ನಾವು ಉಡುವ ಪಾಲಿಯೆಸ್ಟರ್ ನೂಲೂ ರಸಾಯನದಲ್ಲಿ ಒಂದೇ ವಸ್ತು. ಹಳೆಯ ಸೀಸೆ ಕರಗಿ ಬಹುಮಟ್ಟಿಗೆ ನೂಲಾಗಿಯೇ ಮರುಜನ್ಮ ತಾಳುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಧನ ಸಮ್ಮೇಳನದಲ್ಲಿ ಪ್ರಧಾನಮಂತ್ರಿಗಳಿಗೆ ಇಂಥ ಸೀಸೆಗಳಿಂದಾದ ಒಂದು ಜಾಕೆಟ್ಟನ್ನು ಉಡುಗೊರೆ ಕೊಟ್ಟರು. ಅದೇ ವಾರ ಅವರು ಅದನ್ನು ತೊಟ್ಟು ಸಂಸತ್ತಿಗೆ ಹೋದರು. ಗೂಡಿನಿಂದ ನೂಲು, ಸೀಸೆಯಿಂದ ನೂಲು. ಎರಡಕ್ಕೂ ಬೇಕಾದದ್ದು ಆರಿಸುವ ಅದೇ ಕಣ್ಣು, ಅದೇ ಕೈ. ಆದರೂ ಗೂಡು ಆರಿಸಿದವಳು ಕೆಲಸಗಾರ್ತಿ, ಸೀಸೆ ಆರಿಸಿದವಳು 'ಕಸದವಳು'. ಬಿಡುವಿನಲ್ಲಿ ಆಕೆಯೇ ಹೇಳಿದರು: "ಗೂಡಿನ ಕೆಲಸಕ್ಕೆ ಹೋಗ್ತಿದ್ದಾಗ ನೆಂಟರಿಗೆ ಹೇಳ್ತಿದ್ದೆ. ಇಲ್ಲಿಗೆ ಬರೋದನ್ನ ಇನ್ನೂ ಹೇಳಿಲ್ಲ." ಇದಕ್ಕೆ ನನ್ನ ರಸಾಯನಶಾಸ್ತ್ರದಲ್ಲಿ ಉತ್ತರವಿರಲಿಲ್ಲ.

ಮೂರನೆಯ ಪಾಠ ಲೆಕ್ಕದ್ದು. ತೂಕ ಹಾಕುವುದು, ಪುಸ್ತಕ ಬರೆಯುವುದು, ಬೇಲು ಕಟ್ಟುವುದು, ದರ ವಿಚಾರಿಸಿ ಮಾರುವುದು. ಕಷ್ಟ ತಲೆಯೆತ್ತುವುದು ಇಲ್ಲಿ. ಒಳ್ಳೆಯ ಸೀಸೆಯನ್ನು ಮನೆಯ ಬಾಗಿಲಲ್ಲೇ ಗುಜರಿಯವನು ಕೊಂಡುಹೋಗಿರುತ್ತಾನೆ. ಘಟಕಕ್ಕೆ ಬರುವುದು ಅವನು ಬೇಡವೆಂದು ಬಿಟ್ಟ ತೆಳು ಚೀಲ, ತಿಂಡಿಯ ಪೊಟ್ಟಣ. ಸೀಸೆಯ ಪಾಠ ಕಲಿತ ಹೆಂಗಸರಿಗೆ ಸೀಸೆಯೇ ದೊರೆಯದಿದ್ದರೆ ಕೂಲಿ ಎಲ್ಲಿಂದ ಹುಟ್ಟಬೇಕು? ಅವರು ಬಾಗಿಲಿಗೆ ಮೊದಲು ಹೋದರೆ ಗುಜರಿಯವನ ಮನೆಯ ಒಲೆ ಹೇಗೆ ಉರಿಯಬೇಕು? ಒಂದೇ ಸೀಸೆಗಾಗಿ ಇಬ್ಬರು ಬಡವರು ಸ್ಪರ್ಧಿಸುವಂತಾಗುವುದು ಸುಧಾರಣೆಯ ಲಕ್ಷಣವಲ್ಲ.

ದಾರಿ ಇಲ್ಲದಿಲ್ಲ. 2011ರಿಂದ ಬೆಂಗಳೂರಿನಲ್ಲಿ ಕಸ ಆಯುವವರಿಗೆ ಮಹಾನಗರ ಪಾಲಿಕೆಯ ಗುರುತಿನ ಚೀಟಿ ಕೊಡುವ ಕೆಲಸ ಆರಂಭವಾಯಿತು. ಮುಂದೆ ಹಲವು ವಾರ್ಡುಗಳ ಒಣಕಸದ ಕೇಂದ್ರಗಳನ್ನು ನಡೆಸುವ ಹೊಣೆಯೂ ಅವರಲ್ಲಿ ಕೆಲವರಿಗೆ ಬಂದಿತು. ಬೀದಿಯಲ್ಲಿ ಕಲಿತವರೇ ಕೇಂದ್ರದ ಯಜಮಾನರಾದರು. 2016ರ ನಿಯಮಗಳು ಪ್ಲಾಸ್ಟಿಕ್ ಹೊದಿಕೆಯ ಭಾರವನ್ನು ಅದರ ತಯಾರಕರ ಮೇಲೂ ಹೊರಿಸಿದುವು. ನೆರೆಯ ತಮಿಳುನಾಡಿನಲ್ಲಿ 2022ರಲ್ಲಿ, ಉಚ್ಚ ನ್ಯಾಯಾಲಯದ ಸೂಚನೆಯಂತೆ, ನೀಲಗಿರಿಯ ಮದ್ಯದಂಗಡಿಗಳಲ್ಲಿ ಸೀಸೆಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಸೀಸೆ ತಂದವರಿಗೆ ಆ ಹಣವನ್ನು ಮರಳಿಸುವ ಪದ್ಧತಿ ಬಂದಿತು. ಗೋಲಿ ಸೋಡಾದ ಹಳೆಯ ಶಾಸನ ಹೊಸ ವೇಷದಲ್ಲಿ ಬಂದಂತಾಯಿತು! ನಂದಿಬೆಟ್ಟದ ದಾರಿಗೂ ಇಂಥದೊಂದು ಏರ್ಪಾಡು ಸಲ್ಲದೆಂದು ಯಾರು ಹೇಳಿಯಾರು?

ನನಗೆ ತೋರುವುದು ಇಷ್ಟು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮುಂದೆ ನಡೆಯುವ ತರಬೇತಿಗಳಿಗೆ ನನ್ನಂಥ ಮೇಷ್ಟರುಗಳ ಜೊತೆಗೆ ಗುಜರಿಯ ಹಿರಿಯರನ್ನೂ ಗುರುಗಳಾಗಿಯೇ ಕರೆಯಬೇಕು; ಬಂದ ದಿನದ ಸಂಭಾವನೆ ಅವರಿಗೂ ಸಲ್ಲಬೇಕು. ಅವರ ಕೈಯ ವಿದ್ಯೆ ಹೆಂಗಸರಿಗೆ ಬರಲಿ. ಹೆಂಗಸರ ಘಟಕದ ತಕ್ಕಡಿ, ಲೆಕ್ಕದ ಪುಸ್ತಕ, ಕೈಚೀಲ, ಚುಚ್ಚುಮದ್ದು ಅವರಿಗೂ ದೊರೆಯಲಿ. ಅವರು ಬಾಗಿಲಲ್ಲಿ ಕೊಂಡದ್ದನ್ನು ಘಟಕ ನ್ಯಾಯವಾದ ದರಕ್ಕೆ ಪಡೆದು, ಬೇಲು ಕಟ್ಟಿ, ದೊಡ್ಡ ತೂಕದಲ್ಲಿ ನೇರವಾಗಿ ಕಾರ್ಖಾನೆಗೆ ಮಾರಲಿ. ಆಗ ಒಂದು ಸೀಸೆ ಎರಡು ಮನೆಗಳಿಗೆ ಅನ್ನ ಕೊಟ್ಟೀತು.

ಉಳಿದ ಪಾಠ ನಮ್ಮದು. ಖಾಲಿಯಾದ ಸೀಸೆಯನ್ನು ಒಮ್ಮೆ ನೀರಿನಲ್ಲಿ ಕಲಕಿ, ಹಸಿಕಸದಿಂದ ದೂರವಿಟ್ಟು, ಗಾಡಿ ಬಂದಾಗ ಕೈಯಿಂದ ಕೈಗೆ ಕೊಡುವುದು. ಕೊಡುವಾಗ ಎದುರಿಗಿರುವಾಕೆಯ ಹೆಸರನ್ನು ಕೇಳಿ ತಿಳಿದು, ಮರುದಿನ ಆ ಹೆಸರು ಹಿಡಿದು ಕರೆಯುವುದು. ಇದಕ್ಕೆ ತರಬೇತಿಯ ಅಗತ್ಯವಿಲ್ಲ. ಆದರೆ ಇದಿಲ್ಲದೆ ಅವರು ಪಡೆದ ತರಬೇತಿ ಪೂರ್ಣವಾಗುವುದಿಲ್ಲ. ಎಲ್ಲಿಗೆ ಕೆಲಸಕ್ಕೆ ಹೋಗುತ್ತೀಯೆಂದು ನೆಂಟರು ಕೇಳಿದಾಗ ಆಕೆ ತಡವರಿಸದೆ ಹೇಳುವಂತಾದ ದಿನ, ಆ ಪಾಠಶಾಲೆಯಿಂದ ಮೊದಲ ವಿದ್ಯಾರ್ಥಿ ತೇರ್ಗಡೆಯಾದಳೆಂದು ನಾನು ತಿಳಿಯುತ್ತೇನೆ.