ಎದೆ ಡವಡವ ಅಂದಾಗಲೇ ತೆಗೆಸಿ ಇಸಿಜಿ

ಕಾರ್ಕಳದ ಕಾಲೇಜು ಮೈದಾನದಲ್ಲೋ ಕಾಪುವಿನ ಬಸ್ ನಿಲ್ದಾಣದಲ್ಲೋ ಹದಿನೇಳು ಹದಿನೆಂಟರ ಹುಡುಗಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಎನ್ನುತ್ತದೆ. ನಾಡಿ ನಿಮಿಷಕ್ಕೆ 180, 200 ದಾಟುವುದುಂಟು. ಸ್ವಿಚ್ ಒತ್ತಿದಂತೆ ಶುರುವಾಗಿ, ಹಾಗೆಯೇ ನಿಲ್ಲುತ್ತದೆ. ಮನೆಯವರು ಗ್ಯಾಸ್ ಅನ್ನುತ್ತಾರೆ, ಪರೀಕ್ಷೆಯ ಹೆದರಿಕೆ ಅನ್ನುತ್ತಾರೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ನಿಂತು ಇಸಿಜಿ ನಾರ್ಮಲ್ ಬರುತ್ತದೆ. ಹೀಗೆ ವರ್ಷಗಟ್ಟಲೆ ನರಳಿದವರಿದ್ದಾರೆ. ಪೂರ್ತಿ ಗುಣವಾಗಬಹುದಾದ ತೊಂದರೆಗೆ ಹೀಗಾಗುವುದು ನೋವಿನ ಸಂಗತಿ.

ಹಾಗಾಗಿ ಮಣಿಪಾಲದ ದೊಡ್ಡ ಆಸ್ಪತ್ರೆ ಮುಟ್ಟುವವರೆಗೆ ಕಾಯಬೇಡಿ. ಬಡಿತ ಓಡುತ್ತಿರುವಾಗಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಕ್ಲಿನಿಕ್ಕಿನಲ್ಲೋ ಇಸಿಜಿ ತೆಗೆಸಿ. ಹಳ್ಳಿಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು, ವಾಟ್ಸಾಪ್‌ನಲ್ಲಿ ತಜ್ಞರ ಸಲಹೆ ದೊರಕಿಸುವ ಕೆಲಸವನ್ನು ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಕರಾವಳಿಯಲ್ಲಿ ಶುರುಮಾಡಿದ್ದಾರೆ. ಆ ಒಂದು ಇಸಿಜಿ ಚೀಟಿಯಿಂದ ಮುಂದಿನ ದಾರಿ ಅರ್ಧ ಸಲೀಸಾಗುತ್ತದೆ.

ಹೃದಯದ ಮೇಲಿನ ಕೋಣೆಗಳಿಂದ ಕೆಳಕ್ಕೆ ವಿದ್ಯುತ್ ಇಳಿಯಲು ಸಾಮಾನ್ಯವಾಗಿ ಇರುವುದು ಒಂದೇ ದಾರಿ, ಎವಿ ನೋಡ್. ಕೆಲವರಿಗೆ ಹುಟ್ಟಿನಿಂದಲೇ ಇನ್ನೊಂದು ಎಳೆ ಇರುತ್ತದೆ. 1930ರಲ್ಲಿ ವುಲ್ಫ್, ಪಾರ್ಕಿನ್‌ಸನ್, ವೈಟ್ ಎಂಬ ವೈದ್ಯರು ವಿವರಿಸಿದ್ದು ಇದರಿಂದಾಗುವ ತೊಂದರೆಯನ್ನೇ. ಇನ್ನು ಕೆಲವರಿಗೆ ನೋಡ್‌ನ ಬಳಿಯಲ್ಲೇ ಎರಡು ದಾರಿ. ಒಂದರಲ್ಲಿ ಇಳಿದ ವಿದ್ಯುತ್ ಇನ್ನೊಂದರಲ್ಲಿ ಹತ್ತಿ ಸುತ್ತತೊಡಗಿದರೆ ಬಡಿತ ಓಟ ಕೀಳುತ್ತದೆ. ಒರಗಿ ಕೂತು, ಮೂಗು ಬಾಯಿ ಮುಚ್ಚಿ ಹದಿನೈದು ಸೆಕೆಂಡ್ ಮುಕ್ಕಿ, ತಕ್ಷಣ ಮಲಗಿ ಕಾಲೆತ್ತಿ ಹಿಡಿಸಿಕೊಂಡರೆ ಕೆಲವೊಮ್ಮೆ ನಿಲ್ಲುತ್ತದೆ. ಎಚ್ಚರ ತಪ್ಪಿದರೆ, ಎದೆನೋವು ಬಂದರೆ ಈ ಪ್ರಯೋಗ ಬೇಡ, ನೇರ ಆಸ್ಪತ್ರೆಗೆ ಹೋಗಿ.

ಶಾಶ್ವತ ಪರಿಹಾರ ಆಸ್ಪತ್ರೆಯ ಕ್ಯಾಥ್‌ಲ್ಯಾಬ್‌ನಲ್ಲಿದೆ. ಎದೆ ಕೊಯ್ಯುವುದಿಲ್ಲ. ತೊಡೆಸಂದಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು (ಚಿಕ್ಕ ಮಕ್ಕಳಿಗಾದರೆ ಪೂರ್ತಿ ಅರಿವಳಿಕೆ) ರಕ್ತನಾಳದ ಮೂಲಕ ತಂತಿಯಂಥ ಸಪೂರ ಕ್ಯಾಥೆಟರ್‌ಗಳನ್ನು ಹೃದಯಕ್ಕೆ ತಲುಪಿಸುತ್ತಾರೆ. ಆಮೇಲೆ ವೈದ್ಯರು ಬೇಕೆಂದೇ ಆ ಡವಡವವನ್ನು ಎಬ್ಬಿಸುತ್ತಾರೆ. ಎಚ್ಚರವಿರುವ ರೋಗಿ "ಇದೇ, ಇದೇ" ಅನ್ನುವುದುಂಟು. ಎಳೆ ಇರುವ ಜಾಗ ಸಿಕ್ಕಿದಾಗ ಕ್ಯಾಥೆಟರ್ ತುದಿಗೆ ರೇಡಿಯೋ ತರಂಗದ ಶಾಖ ಕೊಡುತ್ತಾರೆ. 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಲವೇ ಮಿಲಿಮೀಟರ್ ಅಂಗಾಂಶ ಸುಟ್ಟು, ಎಳೆ ಕಡಿಯುತ್ತದೆ. ಜಾಗ ಸರಿಯಿದ್ದರೆ, ಹೆಚ್ಚುವರಿ ಎಳೆಯ ಗುರುತಾದ ಇಸಿಜಿಯ ಓರೆ ಏರು ಕೆಲವೇ ಸೆಕೆಂಡುಗಳಲ್ಲಿ ಪರದೆಯಿಂದ ಮಾಯವಾಗುತ್ತದೆ. ನೋಡ್‌ಗೆ ತೀರಾ ಹತ್ತಿರವಾದರೆ ಶಾಖದ ಬದಲು ಶೀತ ಬಳಸುವುದೂ ಇದೆ. ಮೊದಲು ಸ್ವಲ್ಪ ತಣಿಸಿ ನೋಡಿ, ತಪ್ಪು ಜಾಗವೆನಿಸಿದರೆ ಹಿಂದೆ ಸರಿಯಬಹುದು.

ಹೆಚ್ಚುವರಿ ಎಳೆ, ನೋಡ್ ಬಳಿಯ ಎರಡು ದಾರಿ, ಈ ಎರಡೂ ಬಗೆಯ ತೊಂದರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಗುಣವಾಗುತ್ತದೆ. ಕೆಲವರಿಗೆ ಮರುಕಳಿಸಿ, ಎರಡನೇ ಸಲ ಮಾಡಬೇಕಾದೀತು. ನೋಡ್‌ಗೇ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವ ಅಪಾಯ ವಿರಳ, ಆದರೆ ಇದೆ. ಸಹಿ ಹಾಕುವ ಮೊದಲು ಕೇಳಿ ತಿಳಿಯಿರಿ. ಹಸುಗೂಸುಗಳಿಗೆ ಆತುರ ಬೇಡ, ಹಲವರಲ್ಲಿ ಆ ಎಳೆ ಒಂದು ವರ್ಷದೊಳಗೆ ತಾನಾಗಿ ಸುಮ್ಮನಾಗುತ್ತದೆ. ಅಲ್ಲಿಯವರೆಗೆ ಔಷಧಿ ಸಾಕು.

ಬೇರೇನೂ ತೊಡಕಿಲ್ಲದಿದ್ದರೆ ಸಾಮಾನ್ಯವಾಗಿ ಮರುದಿನ ಮನೆಗೆ. ಭಾರ ಎತ್ತುವುದು, ಆಟ ಒಂದು ವಾರ ಬೇಡ. ದಾಖಲಾಗುವ ಮೊದಲೇ ಪಡಿತರ ಚೀಟಿ ಹಿಡಿದು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಎಷ್ಟು ನೆರವು ಸಿಗುತ್ತದೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ.