ಸಸ್ಪೆನ್ಷನ್ ಬಿಡಿಭಾಗ: ಅಗ್ಗದ್ದೋ, ಅಸಲಿಯೋ?

ಉತ್ಸವ ರಾಕ್ ಗಾರ್ಡನ್‌ನಿಂದ ಹೆಸರಾದ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಬಳಿ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಇಂಥ ಹೆದ್ದಾರಿಯ ವೇಗದಲ್ಲಿ ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಕಾರು ಚಾಲಕನ ಹಿಡಿತ ತಪ್ಪುತ್ತದೆ. ಆದ್ದರಿಂದ ಬಾಲ್ ಜಾಯಿಂಟ್, ಲೋಯರ್ ಆರ್ಮ್‌ಗಳಲ್ಲಿ ಹೆಸರಿಲ್ಲದ ಅಗ್ಗದ ಮಾಲು ಸಲ್ಲದು. ಕಳಪೆ ಬುಷ್‌ನ ರಬ್ಬರ್ ಬೇಗ ಬಿರುಕುಬಿಟ್ಟರೆ ಬಿಚ್ಚಿ ಜೋಡಿಸುವ ಕೂಲಿಯನ್ನು ಮತ್ತೆ ತೆರಬೇಕು. ಉಳಿಸಿದ ಹಣ ಅಲ್ಲಿಗೇ ಸರಿಹೋಗುತ್ತದೆ.

ಹಾಗೆಂದು ಕಾರು ಕಂಪನಿಯ ಮುದ್ರೆಯ ಡಬ್ಬಿಯೇ ಬೇಕೆಂದಿಲ್ಲ. ಶಾಕ್ ಅಬ್ಸಾರ್ಬರ್ ತಯಾರಿಸುವ ಗೇಬ್ರಿಯಲ್‌ನಂಥ ಸಂಸ್ಥೆಗಳು ಕಾರು ಕಂಪನಿಗಳಿಗೂ ಪೂರೈಸುತ್ತವೆ, ತಮ್ಮ ಹೆಸರಿನಲ್ಲೂ ಮಾರುತ್ತವೆ. ಇವುಗಳ ಬೆಲೆ ಸಾಮಾನ್ಯವಾಗಿ ಕಡಿಮೆ. ಪಾರ್ಟ್ ನಂಬರ್ ತಾಳೆ ನೋಡಿ, ಬಿಲ್ ಪಡೆದೇ ಕೊಳ್ಳಬೇಕು. ಶಾಕ್ ಅಬ್ಸಾರ್ಬರ್‌ಗಳನ್ನು ಎಡಬಲ ಜೋಡಿಯಾಗಿಯೇ ಬದಲಿಸಿ, ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಒಳಿತು.