ಕಜ್ಜಾಯ ಎಣ್ಣೆಯಲ್ಲಿ ಒಡೆಯುತ್ತಾ? ಪಾಕ ನೋಡಿ

ಚಿಂತಾಮಣಿ, ಶಿಡ್ಲಘಟ್ಟದ ಕಡೆ ದೀಪಾವಳಿಯ ಕೇದಾರೇಶ್ವರ ನೋಮಿಗೆ ಕಜ್ಜಾಯ ಬೇಕೇ ಬೇಕು. ನಾನು ಮೊದಲ ಸಲ ಮಾಡಿದಾಗ ಎಲ್ಲಾ ಎಣ್ಣೆಯಲ್ಲೇ ಪುಡಿಪುಡಿ ಆಯ್ತು. ‘ಎಳೇ ಪಾಕ ಕಣಪ್ಪಾ’ ಅಂದರು ಅಜ್ಜಿ. ಅವರು ಕಲಿಸಿದ್ದು ಇಷ್ಟು.

1 ಕೆಜಿ ಹಳೇ ಅಕ್ಕಿ ರಾತ್ರಿ ನೆನೆಸಿ, ಬಸಿದು, ನೆರಳಲ್ಲಿ ಬಟ್ಟೆ ಮೇಲೆ ಹರಡಿ. ಅಂಗೈಗೆ ತೇವ ತಾಗುತ್ತಿರುವಾಗಲೇ ಮಿಲ್‌ಗೆ ಒಯ್ಯಿರಿ. ರಾಗಿ ಬೀಸಿದ ತಕ್ಷಣ ಹಾಕಿಸಬೇಡಿ, ಬಣ್ಣ ಕೆಡುತ್ತೆ. ಹಸಿ ಹಿಟ್ಟನ್ನು ಜರಡಿ ಹಿಡಿದು ಅವತ್ತೇ ಬಳಸಿ, ಇಟ್ಟರೆ ಹುಳಿ ಬರುತ್ತೆ.

ಮುಕ್ಕಾಲು ಕೆಜಿ ಬೆಲ್ಲ ಕರಗಿಸಿ, ಸೋಸಿ, ಕುದಿಸಿ. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಮೆತ್ತನೆ ಉಂಡೆ ಕಟ್ಟಬೇಕು, ಅದೇ ಹದ. ಕೆಳಗಿಳಿಸಿ ಏಲಕ್ಕಿ, ಗಸಗಸೆ, ಹಿಟ್ಟು ಕಲಸಿ ಒಂದು ದಿನ ಮುಚ್ಚಿಡಿ. ಬಾಳೆ ಎಲೆ ಮೇಲೆ ತಟ್ಟಿ ಸಣ್ಣ ಉರಿಯಲ್ಲಿ ಕರಿಯಿರಿ.

ಮೊದಲು ಒಂದನ್ನೇ ಬಿಟ್ಟು ನೋಡಿ. ಒಡೆದರೆ ಉಳಿದದ್ದಕ್ಕೆ ಸ್ವಲ್ಪ ಅಕ್ಕಿ ಹಿಟ್ಟು ಸೇರಿಸಿ ನಾದಿ, ಹಬ್ಬ ಕೆಡಲ್ಲ.